ಉಸ್ತಾದರ ನೀಲಿ ಗಾಡಿ

ಉಸ್ತಾದರು ತೀರಿಕೊಂಡ ಸುದ್ದಿ ಬಂದಾಗ ನಾವು ನರಗುಂದದಲ್ಲಿ ಒಂದು ಮದುವೆಯಲ್ಲಿದ್ದೆವು. ಇನ್ನೂ ಅಕ್ಷತೆ ಬಿದ್ದಿರಲಿಲ್ಲ. ನಮ್ಮವರು ವೇದಿಕೆಯ ಮೇಲೆ ವಿಡಿಯೋ ಕ್ಯಾಮೆರಾ ಹಿಡಿದು ನಿಂತಿದ್ದರು, ನಾನು ಕೆಳಗೆ ಲೈಟಿನ ಸ್ಟ್ಯಾಂಡು ಹಿಡಿದಿದ್ದೆ. ಫೋನು ಮಾಡಿದವರು ಉಸ್ತಾದರ ತಮ್ಮ. ವಾಲಗದ ಗದ್ದಲದಲ್ಲಿ ಏನೂ ಕೇಳಿಸದೆ ಅಡುಗೆಮನೆಯ ಹಿಂದಕ್ಕೆ ಓಡಿದೆ. "ಅಣ್ಣ ಹ್ವಾದ್ರಿ ಅಕ್ಕಾರ," ಅಂದರು. ಅಷ್ಟೇ.

ಒಪ್ಪಿಕೊಂಡ ಮದುವೆಯನ್ನು ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ನಮ್ಮವರು ಅಲ್ಲಿಯೇ ಉಳಿದರು, ನಾನೊಬ್ಬಳೇ ವ್ಯಾನು ತೆಗೆದುಕೊಂಡು ರೋಣದ ಮೇಲೆ ಗಜೇಂದ್ರಗಡಕ್ಕೆ ಹೊರಟೆ. ಗೇರು ಬದಲಿಸುವುದು, ಕನ್ನಡಿ ನೋಡುವುದು, ಎದುರಿಗೆ ಲಾರಿ ಬಂದಾಗ ಉಸಿರು ಹಿಡಿಯದೆ ಇರುವುದು, ಎಲ್ಲವೂ ಉಸ್ತಾದರು ಕಲಿಸಿದ್ದೇ. ಕಣ್ಣು ತುಂಬಿ ಬಂದಾಗ ವ್ಯಾನನ್ನು ಬದಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಅತ್ತೆ. ಅಳುತ್ತ ಓಡಿಸಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಗಜೇಂದ್ರಗಡದಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಸ್ಕೂಲ್ ಅಂದರೆ ಒಂದು ಖೋಲಿ, ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹೊರಗೆ ನಿಂತ ಒಂದು ಗಾಡಿ. ಹರೆಯದಲ್ಲಿ ಅವರು ಲಾರಿ ಓಡಿಸಿದವರು. ಹುಬ್ಬಳ್ಳಿಯಿಂದ ಮುಂಬಯಿ, ಮುಂಬಯಿಯಿಂದ ಮತ್ತೆಲ್ಲಿಗೋ. ಸೊಂಟ ಹಿಡಿದುಕೊಂಡ ಮೇಲೆ ಲಾರಿ ಬಿಟ್ಟು ಊರಿಗೆ ಬಂದು ಕಲಿಸುವುದಕ್ಕೆ ನಿಂತರು. ರೋಣ, ನರಗುಂದ, ಗಜೇಂದ್ರಗಡದ ಕಡೆ ಆಗ ಸ್ಟೇರಿಂಗ್ ಹಿಡಿದಿದ್ದವರಲ್ಲಿ ಬಹಳ ಮಂದಿ ಅವರ ಬೈಗುಳ ತಿಂದವರೇ. ಬಿಳಿ ಪೈಜಾಮ, ಮೇಲೊಂದು ಬೂದು ಬಣ್ಣದ ಜಾಕೀಟು, ಜಾಕೀಟಿನ ಕಿಸೆಯಲ್ಲಿ ಅಡಿಕೆಪುಡಿಯ ಡಬ್ಬಿಯ ಜೊತೆಗೆ ಎರಡು ಫ್ಯೂಸು. ಗಾಡಿ ಹತ್ತುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದರು. ಓಡಿಸುವಾಗ ಪಕ್ಕಕ್ಕೆ ಏನಾದರೂ ನೋಡಬೇಕೆಂದರೆ ಕಣ್ಣು ಹೊರಳಿಸುತ್ತಿರಲಿಲ್ಲ, ಇಡೀ ಕುತ್ತಿಗೆಯನ್ನು ಕೋಳಿಯ ಹಾಗೆ ತಿರುಗಿಸುತ್ತಿದ್ದರು. ಅದು ದೊಡ್ಡ ಡ್ರೈವರುಗಳ ಶೈಲಿ ಎಂದುಕೊಂಡು ನಾವು ಶಿಷ್ಯರೆಲ್ಲ ಅದನ್ನೇ ಮಾಡುತ್ತಿದ್ದೆವು.

ನಾನು ಅವರ ಬಳಿ ಹೋದದ್ದು ಬೇರೆ ದಾರಿ ಇಲ್ಲದೆ. ನಮ್ಮವರಿಗೆ ಅದೇ ಊರಿನಲ್ಲಿ ಫೋಟೋ ಸ್ಟುಡಿಯೋ. ಮದುವೆ, ಸೀಮಂತ, ಸತ್ಕಾರ ಅಂತ ಊರೂರು ತಿರುಗಲು ಹಳೆಯದೊಂದು ವ್ಯಾನು ಕೊಂಡಿದ್ದರು. ಒಂದು ದಿನ ಸ್ಟುಡಿಯೋದಲ್ಲಿಯೇ ಫಿಟ್ಸ್ ಬಂದು ಬಿದ್ದರು. ಗುಳಿಗೆಯಿಂದ ಹತೋಟಿಗೆ ಬಂತು, ಆದರೆ ಇನ್ನು ಮುಂದೆ ಗಾಡಿ ಮುಟ್ಟುವ ಹಾಗಿಲ್ಲ ಅಂದರು ಡಾಕ್ಟರು. ವ್ಯಾನು ಮಾರುವ ಮಾತು ನಡೆದಾಗ ಅಲ್ಲಿಗೆ ಬಂದ ಉಸ್ತಾದರು ನನ್ನ ಕಡೆ ಬೆರಳು ತೋರಿಸಿದರು.

"ಮಾರೂದ್ಯಾಕ್ರಿ ಫೋಟೋ ಸಾಹೇಬ್ರ? ಮನ್ಯಾಗ ಡ್ರೈವರ್ ಅದಾಳಲ್ಲ."

"ನನಗ ಸೈಕಲ್ ಸುದ್ದಾ ಬರೂದಿಲ್ರಿ," ಅಂದೆ.

"ಚಲೋ ಆತು. ತಪ್ಪು ಕಲತದ್ದನ್ನ ಮರಸೂ ತ್ರಾಸು ತಪ್ತು."

ಮುಚ್ಚಿಹೋದ ಒಂದು ಅರಳೆ ಮಿಲ್ಲಿನ ಬಯಲಿನಲ್ಲಿ ನನ್ನ ಪಾಠ ಶುರುವಾಯಿತು. ಅವರ ಬೈಗುಳಕ್ಕೆ ಒಂದು ಮರ್ಯಾದೆ ಇತ್ತು. ಕ್ಲಚ್ಚನ್ನು ಧಡಕ್ಕನೆ ಬಿಟ್ಟರೆ, "ತಂಗಿ, ಹಾಲಿನ ಗಡಿಗಿ ಇಳಸಾಕತ್ತಿಯೋ, ಕಲ್ಲ ಒಗ್ಯಾಕತ್ತಿಯೋ?" ಅನ್ನುವರು. ಸುಮ್ಮಸುಮ್ಮನೆ ಹಾರ್ನು ಒತ್ತಿದರೆ, "ಹಾರ್ನ್ ಅಂದ್ರ ಬೈಯೂದಲ್ಲ. 'ಬಂದೀನ್ರಿ' ಅಂತ ಹೇಳೂದು. ಹಿರೇರಿಗೆ ಹ್ಯಾಂಗ ಹೇಳ್ತಿ, ಹಂಗ ಹೇಳು," ಅನ್ನುವರು. ಕಲಿಕೆಯ ಗಾಡಿಯಲ್ಲಿ ಅವರು ಕೂರುವ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಅವರ ಕಾಲು ಸದಾ ಆ ಬ್ರೇಕಿನ ಮೇಲೆ ಹಗುರಾಗಿ ಕೂತಿರುತ್ತಿತ್ತು.

ಹಟದಲ್ಲಿ ಮಾತ್ರ ಕಲ್ಲು. ಒಂದು ಮಳೆಗಾಲ ಕೊಣ್ಣೂರಿನ ಹೊಳೆಗೆ ನೀರು ಬಂದು ಸೇತುವೆಯ ಮೇಲೆ ತೆಳ್ಳಗೆ ಹರಿಯುತ್ತಿತ್ತಂತೆ. ಅವರ ಬಳಿ ಕಲಿಯುತ್ತಿದ್ದ ಒಬ್ಬ ಜಮೀನುದಾರ, "ಮೊಣಕಾಲ ಮಟ್ಟ ನೀರ ಇಲ್ಲ, ದಾಟಸ್ತೀನಿ," ಎಂದು ಹಟ ಹಿಡಿದ. ಉಸ್ತಾದರು ಕೀಲಿ ಕಿತ್ತುಕೊಂಡು ಕಿಸೆಯಲ್ಲಿಟ್ಟು, ಚಹಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು. ನೀರು ಇಳಿಯುವ ತನಕ ಮಿರ್ಚಿ ಭಜಿ ತಿನ್ನುತ್ತ ಕೂತರು. ಜಮೀನುದಾರನ ಬೀಗರ ಮನೆಯ ಊಟ ತಪ್ಪಿತು. "ಹಸದಾನ, ಆದ್ರ ಅದಾನ," ಎಂದು ಆ ಕತೆಯನ್ನು ಅವರು ಮುಗಿಸುತ್ತಿದ್ದರು.

ಇನ್ನು ಅವರ ಹುಚ್ಚಿನ ವಿಷಯ. ಒಂದು ದಿನ ಅವರು ಸ್ಟುಡಿಯೋಕ್ಕೆ ಬಂದು ಜಾಕೀಟಿನೊಳಗಿಂದ ಒಂದು ಹಾಳೆ ತೆಗೆದರು. ರದ್ದಿ ಅಂಗಡಿಯಲ್ಲಿ ಸಿಕ್ಕ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ಪುಟ. ಅದರಲ್ಲಿ ಅಂಗೈಯಗಲದ ಒಂದು ಕಪ್ಪು ಬಿಳುಪು ಚಿತ್ರ. ಗಾಡಿಯೇ ಹೌದು, ಆದರೆ ಗಾಲಿಗಳೇ ಕಾಣುವುದಿಲ್ಲ. ಮೂತಿ ದುಂಡಗೆ, ಬೆನ್ನು ಇಳಿಜಾರು, ನಾಲ್ಕೂ ಗಾಲಿಗಳ ಮೇಲೆ ತಗಡು ಹೊದ್ದುಕೊಂಡು ನೆಲಕ್ಕೆ ಕವಿದು ಕೂತಿದೆ.

"ಇದನ್ನ ದೊಡ್ಡದು ಮಾಡಿ ಕೊಡ್ರಿ. ಗೋಡೆ ತುಂಬ ಬರಬೇಕು."

"ಏನ್ರಿ ಇದು? ಆಮಿ ಇದ್ಹಂಗ ಐತಿ," ಅಂದರು ನಮ್ಮವರು.

ಉಸ್ತಾದರಿಗೆ ಸಿಟ್ಟು ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಅದು ಫ್ರಾನ್ಸ್ ದೇಶದ ಗಾಡಿ. ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನದು. ಅಲ್ಲಿ ಒಂದು ಓಟ ಆಗುತ್ತದೆ, ಒಂದು ಸಂಜೆ ಶುರುವಾದರೆ ಮರುದಿನ ಸಂಜೆಯವರೆಗೆ ಓಡುತ್ತಲೇ ಇರಬೇಕು. ಇಬ್ಬರು ಡ್ರೈವರುಗಳು ಪಾಳಿಯ ಮೇಲೆ ಓಡಿಸುತ್ತಾರೆ. ಉಳಿದ ಕಂಪನಿಗಳು ಎರಡು ಮೂರು ಗಾಡಿ ಕಳಿಸಿದರೆ ಇವರು ಕಳಿಸಿದ್ದು ಇದೊಂದನ್ನೇ. ಇದೇ ಗೆದ್ದಿತು. ಕಂಪನಿಯ ಹೆಸರನ್ನು ಅವರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ಇಂಜಿನ್ನಿನ ಶಕ್ತಿಯೂ ಅವರ ಉಮೇದಿಗೆ ತಕ್ಕಂತೆ ಏರಿಳಿಯುತ್ತಿತ್ತು. ಗದಗಿಗೆ ಹೋದಾಗಲೆಲ್ಲ ನೆಟ್ ಸೆಂಟರಿನಲ್ಲಿ ಕೂತು ಅದರ ಚಿತ್ರಗಳನ್ನು ತೆಗೆಸಿಕೊಂಡು ಬರುತ್ತಿದ್ದರು. ಸ್ಟೇರಿಂಗ್ ನಮ್ಮ ಗಾಡಿಗಳ ಹಾಗೆ ಬಲಕ್ಕಿದೆ ಎಂದು ಗೊತ್ತಾದ ದಿನ ಓಣಿಗೆಲ್ಲ ಚಹಾ ಕುಡಿಸಿದರು. ಮೈಬಣ್ಣ ನೀಲಿ ಎಂದು ಗೊತ್ತಾದದ್ದೂ ಅಲ್ಲಿಯೇ.

"ಇಷ್ಟ ಗಾಡಿ ಓಡ್ಸೀರಿ, ನೋಡೀರಿ. ಕಾಣಲಾರದ ಗಾಡಿ ಮ್ಯಾಲ ಯಾಕ್ರಿ ಇಷ್ಟ ಜೀವ?" ಎಂದು ನಾನೊಮ್ಮೆ ಕೇಳಿದೆ.

"ಲಾರಿ ಓಡಸಾವಾಗ ಎದರಗಾಳಿ ಇತ್ತಂದ್ರ ಸಾಕಾಗಿ ಹೋಗ್ತಿತ್ತು ತಂಗಿ. ಲಾರಿ ಗಾಳಿ ಕೂಡ ಜಗಳಾ ತಗೀತಿತ್ತು, ನಾ ಲಾರಿ ಕೂಡ. ಈ ಗಾಡಿ ನೋಡು, ಗಾಳಿಗೆ 'ನೀ ಮದಲ ಹೋಗಪಾ' ಅಂತ ಹಾದಿ ಬಿಡತೈತಿ. ಜಗಳಿಲ್ಲದ ಗೆದ್ದೈತಿ."

ಹೊಸ ಕಲಿಕೆಯ ಗಾಡಿ ಬಂದ ಮೇಲೆ ಹಳೆಯದು ಅವರ ತಮ್ಮನ ಶೆಡ್ಡು ಸೇರಿತು. ತಮ್ಮನದು ತಗಡಿನ ಕೆಲಸ. ಕಬ್ಬಿಣದ ಟ್ರಂಕು, ಕಾಳಿನ ಡಬ್ಬ, ನೀರಿನ ತೊಟ್ಟಿ ಮಾಡುವವರು. ಆ ಹಳೆಯ ಗಾಡಿಯ ಮೇಲಿನ ಮೈಯನ್ನೆಲ್ಲ ಕಿತ್ತು, ಅದರ ಮೇಲೆ ಫ್ರಾನ್ಸಿನ ಗಾಡಿಯ ಮೈ ಕೂರಿಸಬೇಕು ಎಂದು ಅಣ್ಣ ಹೇಳಿದಾಗ ಅವರು ಬೇಡವೆನ್ನಲಿಲ್ಲ. ಅಣ್ಣನಿಗೆ ಬೇಡವೆನ್ನುವುದು ಗೊತ್ತಿರಲಿಲ್ಲ ಅವರಿಗೆ. ಆದರೆ ಟ್ರಂಕು ಮಾಡುವ ಕೈಗೆ ಸಪಾಟು ತಗಡು ಒಗ್ಗಿದ ಹಾಗೆ ದುಂಡು ಒಗ್ಗಲಿಲ್ಲ. ಮೊದಲ ಸಲ ಮೂತಿ ತಯಾರಾದಾಗ ಉಸ್ತಾದರ ಹೆಂಡತಿ ಬಂದು ನೋಡಿದರು. ಅವರನ್ನು ನಾವು ಭಾಭಿ ಅನ್ನುತ್ತಿದ್ದೆವು. ಕಡಿಮೆ ಮಾತಿನ ಗಟ್ಟಿ ಹೆಂಗಸು.

"ಟ್ರಂಕಿಗೆ ಗಾಲಿ ಹಚ್ಚೀರಿ," ಅಂದು ಒಳಗೆ ಹೋದರು.

ಅದನ್ನು ಬಿಚ್ಚಿದರು. ಮರಳಿನ ಚೀಲದ ಮೇಲೆ ತಗಡು ಇಟ್ಟು ಮರದ ಸುತ್ತಿಗೆಯಿಂದ ಬಡಿದು ಬಡಿದು ಹೊಸದನ್ನು ಮಾಡಿದರು. ಊರಿನವರು ಅದಕ್ಕೆ 'ಉಸ್ತಾದನ ಆಮಿ' ಎಂದು ಹೆಸರಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ, "ಏನ್ರಿ ಉಸ್ತಾದ್, ನಿಮ್ಮ ಆಮಿ ಎಲ್ಲಿಗೆ ಬಂತು?" ಅಂದರೆ, "ಬರಾಕತ್ತೈತಿ, ನೀವು ಹಾದಿ ಬಿಡ್ರಿ," ಅನ್ನುತ್ತಿದ್ದರು.

ಮುಂಭಾಗ ಮುಗಿದು, ಹಿಂಭಾಗದ ಬರೀ ಎಲುಬು ನಿಂತಿದ್ದ ದಿನಗಳಲ್ಲಿ ಆ ಘಟನೆ ನಡೆಯಿತು. ನನ್ನ ಕಲಿಕೆ ಆಗಲೇ ಮುಗಿಯುವುದರಲ್ಲಿತ್ತು. ರಾಜೂರದ ದಾರಿಯಲ್ಲಿ ಹೋಗಿ ತಿರುಗಿದ ಮೇಲೆ ನನಗೆ ಕೈ ಸೋತಿತ್ತು. "ಸರಿ, ನಾ ಹೊಡೀತೀನಿ," ಎಂದು ಅವರು ಸ್ಟೇರಿಂಗಿಗೆ ಬಂದರು, ನಾನು ಎಡಗಡೆ ಅವರ ಜಾಗದಲ್ಲಿ ಕೂತೆ. ಮಾತು ಆ ಗಾಡಿಯದೇ ನಡೆದಿತ್ತು. ಹೊಲದ ದಾರಿಯಿಂದ ಒಬ್ಬ ಮುದುಕ ಸೈಕಲ್ಲಿನ ಮೇಲೆ ಮೇವಿಗೆಂದು ಜೋಳದ ಕಣಿಕೆಯ ಹೊರೆ ಹೇರಿಕೊಂಡು ಸೀದಾ ರಸ್ತೆಗೆ ಏರಿದ. ಎಡಗಡೆಯಿಂದ, ಬಟಾಬಯಲಿನಲ್ಲಿ, ಹಾಡುಹಗಲು. ಉಸ್ತಾದರು ವೇಗ ಕಡಿಮೆ ಮಾಡಲಿಲ್ಲ. ಮಾತನ್ನೂ ನಿಲ್ಲಿಸಲಿಲ್ಲ. ಅವರು ನೋಡಿಯೇ ಇರುತ್ತಾರೆ ಎಂದು ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ನನ್ನ ಕಾಲು ತಾನೇ ಎದ್ದು ಎಡಗಡೆಯ ಬ್ರೇಕನ್ನು ತುಳಿಯಿತು.

ಗಾಡಿ ಹೊಯ್ದಾಡಿ ನಿಂತಿತು. ಮುದುಕ ಗಾಬರಿಯಿಂದ ಸೈಕಲ್ ಬಿಟ್ಟು ಪಕ್ಕಕ್ಕೆ ಹಾರಿದ. ಕಣಿಕೆ ರಸ್ತೆ ತುಂಬ ಚೆಲ್ಲಿತು. ಅವನಿಗೆ ಒಂದು ಗೀರೂ ಆಗಿರಲಿಲ್ಲ.

"ಕಣ್ಣ ಕಾಣ್ಸೂದಿಲ್ಲೇನ?" ಎಂದು ಕೂಗಿದ.

ಉಸ್ತಾದರು ಇಳಿದು ಹೋದರು. ಜಗಳವಾಡಲಿಲ್ಲ. ಬಗ್ಗಿ ಕಣಿಕೆಯನ್ನೆಲ್ಲ ಆರಿಸಿ, ಹರಿದ ಹಗ್ಗದ ಬದಲು ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ಹೊರೆ ಕಟ್ಟಿ, ಸೈಕಲ್ಲಿನ ಮೇಲಿಟ್ಟು, "ನಂದ ತಪ್ಪು, ಕಾಕಾ," ಅಂದರು. ಮುದುಕ ಹೋಗುವವರೆಗೂ ನಿಂತಿದ್ದು ನನ್ನ ಕಡೆಯ ಬಾಗಿಲಿಗೆ ಬಂದರು.

"ಸರಿ ಆ ಕಡೆ. ನೀನ ಓಡಸು."

ದಾರಿಯಲ್ಲಿ ಆ ಫ್ರಾನ್ಸಿನ ಗಾಡಿಯ ಕತೆಯ ಉಳಿದರ್ಧವನ್ನು ಹೇಳಿದರು. ಅದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

"ಗೆದ್ದು ಭಾಳ ದಿವಸ ಆಗಿರಲಿಲ್ಲ. ಗಾಡಿ ಮಾಡಿದ ಮಾಲಕನ ಮಗ ಅದನ್ನ ಓಡಿಸಿ ನೋಡಾಕ ಹ್ವಾದ. ಹರೇದಾವ. ಖಾಲಿ ರಸ್ತೆ. ಎಲ್ಲಿಂದೋ ಒಬ್ಬಾವ ಸೈಕಲ್ ತಗೊಂಡು ಅಡ್ಡ ಬಂದ. ಇಂವ ಸ್ಟೇರಿಂಗ್ ತಿರುವಿದ. ದೊಡ್ಡ ಗಿಡಕ್ಕ ಹೊಡದು ಸತ್ತ."

"ಸೈಕಲ್‌ದಾವ?"

"ಉಳದ," ಅಂದರು. "ಅವಗ ಸೈಕಲ್ ಕಂಡಿತ್ತು ತಂಗಿ. ಕಂಡಿತ್ತಂತನ ತಿರುವಿದ. ನನಗ ಕಾಣ್ಲೇ ಇಲ್ಲ."

ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡ ಏರಿ, ಅಂಚಿನ ನೋಟವೆಲ್ಲ ವರ್ಷಗಳಿಂದ ಸದ್ದಿಲ್ಲದೆ ಸವೆದುಹೋಗಿತ್ತು. ಎದುರಿನದು ಮಾತ್ರ ಕೊಳವೆಯಲ್ಲಿ ನೋಡಿದ ಹಾಗೆ ಉಳಿದಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಣ್ಣಿಗೆ ಔಷಧದ ಹನಿ ಹಾಕಿ ಕಾಯ್ದುಕೊಳ್ಳಬೇಕು ಅಂದರು ಡಾಕ್ಟರು. ಕೋಳಿಯ ಹಾಗೆ ಕುತ್ತಿಗೆ ತಿರುಗಿಸುತ್ತಿದ್ದುದು ಶೈಲಿಯಲ್ಲ ಎಂದು ನನಗೆ ಅಲ್ಲಿ ತಿಳಿಯಿತು.

ಅಂದು ಮನೆಗೆ ಬಂದವರೇ ಗಾಡಿಯ ಕೀಲಿಯನ್ನು ಭಾಭಿಯ ಕೈಗಿಟ್ಟರು. ಸ್ಕೂಲನ್ನು ಹಳೆಯ ಶಿಷ್ಯನೊಬ್ಬನಿಗೆ ವಹಿಸಿದರು. ಯಾರೂ ಒತ್ತಾಯ ಮಾಡಿರಲಿಲ್ಲ, ಊರಿಗೆ ವಿಷಯವೂ ಗೊತ್ತಿರಲಿಲ್ಲ. ಇನ್ನೂ ಒಂದೆರಡು ವರ್ಷ ಹೇಗೋ ನಡೆಸಬಹುದಿತ್ತು. ಆದರೆ ಮನೆಯ ಮುಂದಿನ ಹಗ್ಗದ ಹೊರಸಿನ ಮೇಲೆ ಕೂತವರು ಏಳಲಿಲ್ಲ. ಶೆಡ್ಡಿನ ಕಡೆ ಹೋಗುವುದನ್ನೂ ಬಿಟ್ಟರು. ಆಮಿಯ ಎಲುಬಿನೊಳಗೆ ಕೋಳಿಗಳು ತತ್ತಿ ಇಟ್ಟವು.

ಕೆಲವು ತಿಂಗಳ ಮೇಲೆ ಭಾಭಿ ಸ್ಟುಡಿಯೋಕ್ಕೆ ಬಂದರು. ಫೋಟೋ ತೆಗೆಸಲು ಕೂಡ ಎಂದೂ ಬಾರದವರು. ಬುರ್ಖಾದ ಮುಸುಕು ಮೇಲೆ ಮಾಡಿ, ಕೂರದೆ, ನಿಂತೇ ಮಾತಾಡಿದರು.

"ಅವರು ಮಾತ ಬಿಟ್ಟಾರ. ಉಣ್ಣು ಅಂದ್ರ ಉಣ್ತಾರ, ಮಲಗು ಅಂದ್ರ ಮಲಗ್ತಾರ. ನನಗ ಇಂಥವರು ಬ್ಯಾಡ. ಮದಲಿನಾಂವ ಬೇಕು. ಆ ಗಾಡಿ ಮುಗಸ್ರಿ."

"ನೀವ ಅಂದಿದ್ರಿ, ಟ್ರಂಕಿಗೆ ಗಾಲಿ ಹಚ್ಚೀರಿ ಅಂತ," ನಮ್ಮವರು ನಕ್ಕರು.

"ಅಂದಿದ್ದೆ. ಟ್ರಂಕ್ ಆಗಿತ್ತು, ಅಂದೆ. ಈಗ ಗಾಡಿ ಮಾಡ್ರಿ."

ನಮ್ಮವರು ಗದಗಿನಿಂದ ತಂದ ಚಿತ್ರಗಳನ್ನೆಲ್ಲ ದೊಡ್ಡದು ಮಾಡಿ, ಶೆಡ್ಡಿನ ಗೋಡೆಯ ಮೇಲೆ ಗಾಡಿಯನ್ನು ಇದ್ದಷ್ಟೇ ಉದ್ದಕ್ಕೆ ಸುಣ್ಣದ ಕಡ್ಡಿಯಲ್ಲಿ ಬರೆದರು. ಉಸ್ತಾದರ ತಮ್ಮ ಅದನ್ನು ನೋಡುತ್ತ ತಗಡು ಕತ್ತರಿಸತೊಡಗಿದರು. ಭಾಭಿ ದಿನಾ ಸಂಜೆ ಗಂಡನನ್ನು ಕೈಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿ ಹೋಗುತ್ತಿದ್ದರು. ಮೊದಮೊದಲು ಅವರು ಗಾಡಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಂದು ಸಂಜೆ ಹಿಂಭಾಗದ ತಗಡನ್ನು ಕೂರಿಸಿ ನೋಡುತ್ತಿದ್ದೆವು. ಉಸ್ತಾದರು ಎದ್ದು ಬಂದು ಅಂಗೈಯಿಟ್ಟು ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಸವರಿದರು. ಹಿಂದಿನ ಗಾಲಿಯ ಮೇಲೆ ಕೈ ನಿಂತಿತು.

"ಗಾಳಿ ಇಲ್ಲಿ ಎಡವತೈತಿ."

"ಇಷ್ಟ ಎತ್ತರ ಇರಲಿಲ್ಲಂದ್ರ ಗಾಲಿಗೆ ಬಡೀತೈತಿ ಅಣ್ಣಾ," ಅಂದರು ತಮ್ಮ.

"ಬಡೀಲಿ. ಇಳಸು."

ಇಳಿಸಿದರು, ಬಡಿಯಿತು. ಮುಂದಿನ ಗಾಲಿಯೂ ಹಾಗೆಯೇ: ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ತಗಡಿಗೆ ಉಜ್ಜಿ ಕಿರುಗುಟ್ಟುತ್ತಿತ್ತು. ಅಣ್ಣ ತಮ್ಮ ವಾರಗಟ್ಟಲೆ ಅದಕ್ಕಾಗಿ ಕಾದಾಡಿದರು. ಭಾಭಿ ಮನೆಯೊಳಗಿನಿಂದ ಆ ಜಗಳ ಕೇಳಿಸಿಕೊಂಡು ಖುಷಿಪಡುತ್ತಿದ್ದರು. ಕೊನೆಗೆ ಹಿಂದಿನದನ್ನು ಬೆರಳಷ್ಟು ಎತ್ತಿ, ಮುಂದಿನದನ್ನು ಹಾಗೆಯೇ ಬಿಟ್ಟು, ಟ್ರ್ಯಾಕ್ಟರಿಗೆ ಹೊಡೆಯುವ ನೀಲಿ ಬಣ್ಣ ಹೊಡೆದದ್ದಾಯಿತು. ಫ್ರಾನ್ಸಿನವರು ನೋಡಿದ್ದರೆ ತಮ್ಮದೆಂದು ಒಪ್ಪುತ್ತಿದ್ದರೋ ಇಲ್ಲವೋ. ಮೂತಿ ಸ್ವಲ್ಪ ಎಡಕ್ಕೆ ವಾಲಿತ್ತು. ಆದರೆ ಶೆಡ್ಡಿನ ಬಾಗಿಲು ತೆರೆದು ಅದನ್ನು ಬಿಸಿಲಿಗೆ ತಳ್ಳಿದಾಗ ನಮಗೆ ಯಾರಿಗೂ ಆಮಿ ಅನ್ನುವ ಮನಸ್ಸಾಗಲಿಲ್ಲ.

ಅಂಥ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಹಾಗಿರಲಿಲ್ಲ. ಆಗ ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದಿದ್ದವು. ಅವುಗಳ ರೆಕ್ಕೆ ಸಾಗಿಸಲು ಮಾಡಿದ ಅಗಲವಾದ ಖಾಸಗಿ ರಸ್ತೆಯೊಂದು ಗುಡ್ಡದ ನೆತ್ತಿಯ ಮೇಲೆ ಉದ್ದಕ್ಕೆ ಮಲಗಿತ್ತು. ಅಲ್ಲಿನ ಕಾವಲಿನ ಮುಖ್ಯಸ್ಥನೂ ಉಸ್ತಾದರ ಬಳಿ ಕಲಿತವನೇ. ಮೇಲಿನವರನ್ನು ಕೇಳಿ, ಒಂದು ಭಾನುವಾರ ಮುಂಜಾನೆಯಿಂದ ಸಂಜೆಯವರೆಗೆ ಓಡಿಸಿಕೊಳ್ಳಿ ಎಂದ. ಸೂಡಿಯ ಒಬ್ಬ ಟ್ರ್ಯಾಕ್ಟರಿನವನು ಗಾಡಿಯನ್ನು ಟ್ರೇಲರಿನಲ್ಲಿ ಹೇರಿಕೊಂಡು ಗುಡ್ಡ ಹತ್ತಿಸಿದ.

ಓಡಿಸುವವಳು ನಾನು. ಉಸ್ತಾದರು ಎಡಕ್ಕೆ. ಕಲಿಕೆಯ ಗಾಡಿಯ ಆ ಬ್ರೇಕು, ಕ್ಲಚ್ಚು ಇನ್ನೂ ಅವರ ಕಾಲಬುಡದಲ್ಲಿಯೇ ಇದ್ದವು. ನಮ್ಮವರು ಕ್ಯಾಮೆರಾ ಹಿಡಿದು, ಉಸ್ತಾದರ ತಮ್ಮ ಸಾಮಾನಿನ ಚೀಲ ಹಿಡಿದು, ಭಾಭಿ ರೊಟ್ಟಿಯ ಗಂಟು ಹಿಡಿದು ಬದಿಯಲ್ಲಿ ಕೂತರು.

"ಜೋರ್ ಹೊಡೀಬ್ಯಾಡ," ಅಂದರು ಉಸ್ತಾದರು. "ಜೋರ್ ಹೊಡ್ಯಾವರು ಭಾಳ ಮಂದಿ ಅದಾರ. ಮುಂಜಾನಿ ಹ್ಯಾಂಗ ಓಡ್ತೈತೋ ಸಂಜಿಗೂ ಹಂಗ ಓಡಬೇಕು. ಅಷ್ಟ."

ಬಿಸಿಲು ಏರುವವರೆಗೆ ಹಾಗೇ ಓಡಿತು. ಆಮೇಲೆ ಇಂಜಿನ್ನು ಕುದಿಯಿತು. ಮೂತಿಯನ್ನು ನುಣ್ಣಗೆ ಮುಚ್ಚಿಬಿಟ್ಟಿದ್ದೆವು, ಒಳಗೆ ಗಾಳಿ ಹೋಗಲು ದಾರಿಯೇ ಇರಲಿಲ್ಲ. ನೀರು ಹಾಕಿದೆವು, ಮತ್ತೆ ಕುದಿಯಿತು. ಎರಡನೆಯ ಸಲ ಉಗಿ ಎದ್ದಾಗ ಉಸ್ತಾದರ ತಮ್ಮ ಚೀಲದಿಂದ ತಗಡಿನ ಕತ್ತರಿ ತೆಗೆದು ಅಣ್ಣನ ಮುಖ ನೋಡಿದರು. ಮೂತಿ ಕತ್ತರಿಸಬೇಕು, ಇಲ್ಲವೇ ಇಲ್ಲಿಗೆ ಬಿಡಬೇಕು. ಇಷ್ಟು ವರ್ಷ ಸವರಿ ಸವರಿ ನುಣುಪು ಮಾಡಿದ ಮೂತಿ.

ಉಸ್ತಾದರು ಅದರ ಮೇಲೆ ಕೈಯಿಟ್ಟು ನಿಂತರು.

"ನೋಡೂ ಗಾಡಿ ಬ್ಯಾಡ ನನಗ," ಅಂದರು ಕೊನೆಗೆ. "ಓಡೂ ಗಾಡಿ ಬೇಕು. ಕತ್ತರಸು."

ಕತ್ತರಿಯ ಸದ್ದು ಮುಗಿಯುವವರೆಗೆ ಅವರು ಆ ಕಡೆ ತಿರುಗಿ ಗಾಳಿಯಂತ್ರಗಳನ್ನು ನೋಡುತ್ತಿದ್ದರು. ಹಲ್ಲು ಕಿರಿದ ಹಾಗೆ ಒಂದು ಕಂಡಿ ಆಯಿತು. ಅದಾದ ಮೇಲೆ ಗಾಡಿ ಕುದಿಯಲಿಲ್ಲ.

ಊಟದ ನಂತರ ಅವರು ನನ್ನ ಹತ್ತಿರ ಬಂದು ಮೆಲ್ಲಗೆ, "ಒಂದ ಸಲ ಕೊಡತೀಯೇನ?" ಎಂದು ಕೇಳಿದರು. ಬೇಡುವ ದನಿ ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾನು ನಮ್ಮವರ ಕಡೆ ನೋಡಿದೆ. ಗುಳಿಗೆ ನುಂಗಲು ಶುರುಮಾಡಿದಂದಿನಿಂದ ಸ್ಟೇರಿಂಗ್ ಮುಟ್ಟದ ಮನುಷ್ಯ. ಕ್ಯಾಮೆರಾ ಕೆಳಗಿಳಿಸಿ, "ಕೊಡು," ಅಂದರು. "ನೀ ಬಾಜೂಕ ಕುಂಡ್ರು."

ಎದುರಿಗೆ ಖಾಲಿ ರಸ್ತೆ. ಎರಡೂ ಕಡೆ ಕುರಿಯೂ ಇರಲಿಲ್ಲ. ಅವರು ಕ್ಲಚ್ಚು ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ, ಗಾಡಿ ಅಷ್ಟು ಮೆತ್ತಗೆ ಹೊರಟಿತು. ನಾನು ಕಲಿತಿದ್ದೇನೆ ಎಂದುಕೊಂಡಿದ್ದು ಏನೂ ಅಲ್ಲ ಅನ್ನಿಸಿತು. ಎದುರಗಾಳಿ ಬಲವಾಗಿತ್ತು. ಗಾಡಿ ಅಲುಗಲಿಲ್ಲ. ಅವರ ಮುಖದ ಮೇಲೆ ಹದಿನಾರರ ಹುಡುಗನ ನಗೆ ಇತ್ತು. ಹಾಗೆ ಸ್ವಲ್ಪ ದೂರ ಹೋಗಿ, ರಸ್ತೆ ಇನ್ನೂ ಉದ್ದಕ್ಕೆ ಬಿದ್ದಿರುವಾಗಲೇ, ತಾವೇ ನಿಲ್ಲಿಸಿಬಿಟ್ಟರು.

"ಯಾಕ್ರಿ?"

"ಸಾಕು. ಭಾಳ ಚಲೋ ಐತಿ. ಆದ್ರ ನನ್ನ ಲಕ್ಷ್ಯ ರಸ್ತೆ ಮ್ಯಾಲಿಲ್ಲ ತಂಗಿ, ನಿನ್ನ ಕಾಲ ಮ್ಯಾಲ ಐತಿ. ಬ್ರೇಕ್ ಒತ್ತತಿಯೋ, ಒತ್ತತಿಯೋ ಅಂತ. ಇಷ್ಟ ಮಂದಿ ನನ್ನ ಬಾಜೂಕ ಕುಂತು ಹಿಂಗ ಅಂಜಿಕೊಂಡ ಓಡ್ಸಿರ್ಬೇಕು, ಪಾಪ." ನಕ್ಕು ಇಳಿದರು. "ಇನ್ನ ನೀ ಹೊಡಿ. ಸಂಜೀತನಾ ಹೊಡಿ."

ನಾನು ಹೊಡೆದೆ. ಗುಡ್ಡದ ಆ ತುದಿಯಿಂದ ಈ ತುದಿಗೆ, ಮತ್ತೆ ಆ ತುದಿಗೆ. ಸ್ವಲ್ಪ ಹೊತ್ತಿನಲ್ಲಿ ಪಕ್ಕದಿಂದ ಗೊರಕೆ ಕೇಳಿಸಿತು. ಯಾರು ಸ್ಟೇರಿಂಗ್ ಹಿಡಿದರೂ ಕಣ್ಣು ಮಿಟುಕಿಸದೆ ಕೂರುತ್ತಿದ್ದ ಮನುಷ್ಯ ಬಾಯಿ ತೆರೆದು ಮಲಗಿದ್ದರು. ಅವರ ಎರಡೂ ಕಾಲುಗಳು ಸೀಟಿನ ಮೇಲೆ ಮಡಚಿಕೊಂಡಿದ್ದವು. ಹೊತ್ತು ಮುಳುಗಿದಾಗ ಮೆಲ್ಲಗೆ ನಿಲ್ಲಿಸಿದೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಭಾಭಿ ಬಂದು ಅವರನ್ನು ನೋಡಿ, ತಮ್ಮ ಸೆರಗಿನಿಂದ ಅವರ ಮುಖದ ಮೇಲಿನ ಧೂಳು ಒರೆಸಿದರು.

ಅದಾದ ಮೇಲೆ ಅವರು ಮತ್ತೆ ಮಾತಿನವರಾದರು. ಹೊರಸಿನ ಮೇಲೆ ಕೂತೇ ಓಣಿಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿ, "ಮೂರನೇ ಗೇರಿನ್ಯಾಗ ತಿರುವಾಕತ್ತೀಯಲ್ಲೋ ಮೂರ್ಖಾ!" ಎಂದು ಕೂಗುತ್ತಿದ್ದರು. ಎಷ್ಟೋ ಸಲ ಅದು ಎರಡನೆಯ ಗೇರೇ ಆಗಿರುತ್ತಿತ್ತು. ಮರುವರ್ಷ ಹೃದಯ ನಿಂತು ಹೋದರು. ನಾನು ನರಗುಂದದಿಂದ ಬಂದು ಮುಟ್ಟಿದಾಗ ಗಂಡಸರು ಕಬರಸ್ತಾನಕ್ಕೆ ಹೊರಟಿದ್ದರು. ನಾನು ಒಳಗೆ ಹೋಗಿ ಭಾಭಿಯ ಪಕ್ಕ ಕೂತೆ. ಅವರು ಅಳಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.

ಗಂಡ ಸತ್ತ ಮೇಲೆ ಮನೆ ಬಿಟ್ಟು ಹೊರಡದೆ ಕೂರುವ ಇದ್ದತ್ತಿನ ದಿನಗಳು ಅವರಲ್ಲಿ ಉಂಟು. ಅದು ಮುಗಿದ ವಾರ ಭಾಭಿಯ ಫೋನು ಬಂತು. "ಬಾ," ಅಂದರು. ಹೋದೆ. ನನ್ನನ್ನು ಸೀದಾ ಶೆಡ್ಡಿಗೆ ಕರೆದೊಯ್ದು, ಗಾಡಿಯ ಮೇಲಿನ ಹೊದಿಕೆ ತೆಗೆದರು. ಮಾರುವುದಕ್ಕೋ, ಯಾರಿಗಾದರೂ ಕೊಡುವುದಕ್ಕೋ ಸಲಹೆ ಕೇಳುತ್ತಾರೆ ಎಂದುಕೊಂಡೆ.

"ಊರ ಹೆಣ್ಮಕ್ಕಳಿಗೆಲ್ಲಾ ಕಲಿಸಿದ್ರು," ಅಂದರು. "ನನಗ್ಯಾಕ ಕಲಸ್ಲಿಲ್ಲ, ಗೊತ್ತೈತೇನ?"

"ಯಾಕ್ರಿ?"

"ನಾ ಕೇಳ್ಲಿಲ್ಲ. ಅವರಿಗೆ ತಿಳೀಲಿಲ್ಲ."

ಅದರಲ್ಲಿ ದೂರಿರಲಿಲ್ಲ. ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿದರು. ಆಮೇಲೆ ಬುರ್ಖಾದ ಅಂಚನ್ನು ಎತ್ತಿ ಮೊಣಕಾಲಿನ ಕೆಳಗೆ ಒತ್ತಿಕೊಂಡು ಸ್ಟೇರಿಂಗಿನ ಹಿಂದೆ ಕೂತರು.

ಹಗ್ಗ ಕಟ್ಟಿ ಗಾಡಿಯನ್ನು ಅರಳೆ ಮಿಲ್ಲಿನ ಬಯಲಿಗೆ ಎಳೆಸಿದೆವು. ಕ್ಲಚ್ಚು, ಬ್ರೇಕು, ಎಕ್ಸಿಲರೇಟರು ತೋರಿಸಿದೆ. ಅವರು ತಲೆಯಾಡಿಸಿದರು. ಗಾಡಿ ನೆಗೆದು ಬಂದ್ ಆಯಿತು. ಮತ್ತೆ ನೆಗೆದು ಬಂದ್ ಆಯಿತು. ಮಿಲ್ಲಿನ ಗೋಡೆಯ ಮೇಲೆ ಕೂತಿದ್ದ ಕಾಗೆಗಳು ಹಾರಿಹೋದವು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ತುಟಿ ಬಿಗಿಹಿಡಿದು ಮತ್ತೆ ಕೀಲಿ ತಿರುವಿದರು. ಈ ಸಲ ಗಾಡಿ ಹೊರಟಿತು. ಮೊದಲನೆಯ ಗೇರಿನಲ್ಲಿ, ನರಳುತ್ತ, ಬಯಲಿನ ಅಂಚು ಹಿಡಿದು ಒಂದು ಸುತ್ತು ಬಂತು. ಮತ್ತೊಂದು ಸುತ್ತು. ಮುಂದಿನ ಗಾಲಿ ತಿರುವಿನಲ್ಲಿ ಉಜ್ಜಿ ಕಿರುಗುಟ್ಟುತ್ತಿತ್ತು. ಸುತ್ತಿ ಸುತ್ತಿ ನನಗೆ ತಲೆ ತಿರುಗತೊಡಗಿತು.

"ಇವತ್ತಿಗೆ ಇಷ್ಟ ಸಾಕ್ರಿ ಭಾಭಿ," ಅಂದೆ.

ಅವರು ಎದುರಿನಿಂದ ಕಣ್ಣು ತೆಗೆಯಲಿಲ್ಲ.

"ನಿನಗ ಸಾಕಾಗಿದ್ರ ನೀ ಇಳಿ," ಅಂದರು. "ನಾ ಇನ್ನೊಂದ ಸುತ್ತ ಹಾಕ್ತೀನಿ."